ಹೆಸರಿಲ್ಲದೆ ಬಂದ ಮೊದಲ ಕಾದಂಬರಿ

‘ಫ್ರಾಂಕೆನ್‌ಸ್ಟೈನ್’ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಚಪ್ಪಟೆ ತಲೆ, ಕತ್ತಿನ ಎರಡೂ ಬದಿಗೆ ಬೋಲ್ಟು, ತೂಕದ ಹೆಜ್ಜೆ, ಮಾತು ಬಾರದ ಒಂದು ಭೀಕರ ಆಕೃತಿ, ಅಲ್ಲವೇ? ಈಗ ಮೂಲ ಕಾದಂಬರಿಯನ್ನು ತೆರೆದು ನೋಡಿ. ಅಲ್ಲಿ ಬೋಲ್ಟು ಇಲ್ಲ, ಚಪ್ಪಟೆ ತಲೆಯೂ ಇಲ್ಲ. ಆ ಜೀವಿಗೆ ಮಾತು ಚೆನ್ನಾಗಿಯೇ ಬರುತ್ತದೆ, ಪುಟಗಟ್ಟಲೆ ಮಾತನಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಫ್ರಾಂಕೆನ್‌ಸ್ಟೈನ್ ಎಂಬುದು ಅದರ ಹೆಸರೇ ಅಲ್ಲ. ಅದನ್ನು ಸೃಷ್ಟಿಸಿದ ವಿದ್ಯಾರ್ಥಿಯ ಹೆಸರು ಅದು. ಆ ಜೀವಿಗೆ ಕಾದಂಬರಿಯಲ್ಲಿ ಯಾರೂ ಹೆಸರಿಡಲಿಲ್ಲ.

ಇನ್ನೊಂದು ಸಂಗತಿಯಿದೆ. 1818ರಲ್ಲಿ ಈ ಪುಸ್ತಕ ಮೊದಲ ಬಾರಿಗೆ ಅಚ್ಚಾದಾಗ ಅದರ ಮೇಲೆ ಬರೆದವರ ಹೆಸರೂ ಇರಲಿಲ್ಲ. ಬರೆದವರು ಮೇರಿ ಷೆಲ್ಲಿ. ಬರೆಯಲು ತೊಡಗಿದಾಗ ಆಕೆಗೆ 18 ವರ್ಷ, ಪುಸ್ತಕ ಹೊರಬಂದಾಗ 20. ಅದು ಆಕೆಯ ಮೊದಲ ಕಾದಂಬರಿ.

ಮೊದಲ ಕೃತಿಗೇ ಯಶಸ್ಸು ದೊರೆತರೆ ಲೇಖಕರಿಗೆ ಅದಕ್ಕಿಂತ ಭಾಗ್ಯವಿಲ್ಲ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಯಶಸ್ಸು ಬಂದದ್ದು ಪುಸ್ತಕಕ್ಕೋ, ಬರೆದವರಿಗೋ, ಅಥವಾ ಪುಸ್ತಕದ ಬಗ್ಗೆ ಜನ ಕಟ್ಟಿಕೊಂಡ ಮಾತಿಗೋ? ಈ ಮೂರೂ ಒಂದೇ ಅಲ್ಲವೆಂಬುದನ್ನು ‘ಫ್ರಾಂಕೆನ್‌ಸ್ಟೈನ್’ನ ಮೊದಲ ಓದುಗರ ಕಥೆ ಸ್ಪಷ್ಟವಾಗಿ ತೋರಿಸುತ್ತದೆ. ಚರ್ಚಾ ಕಾರ್ಯಕ್ರಮದಲ್ಲಿ ಹೇಳಲು ಸಮಯ ಸಾಲದ ಕೆಲವು ವಿವರಗಳನ್ನು ಇಲ್ಲಿ ಕೊಡಲಾಗಿದೆ.

ಬಿಸಿಲು ಕಾಣದ ಬೇಸಿಗೆ

ಕಥೆಯ ಆರಂಭ ಒಂದು ಜ್ವಾಲಾಮುಖಿಯಿಂದ. 1815ರ ಏಪ್ರಿಲ್‌ನಲ್ಲಿ ಇಂದಿನ ಇಂಡೋನೇಷ್ಯಾದ ಸುಂಬಾವ ದ್ವೀಪದ ತಂಬೋರಾ ಪರ್ವತ ಸಿಡಿಯಿತು. ಅದು ಉಗುಳಿದ ಗಂಧಕದ ಅನಿಲ ವಾಯುಮಂಡಲದ ಮೇಲಿನ ಪದರವನ್ನು ಸೇರಿ, ಗಂಧಕಾಮ್ಲದ ಅತಿ ಸೂಕ್ಷ್ಮ ಹನಿಗಳಾಗಿ ಭೂಮಿಯ ಸುತ್ತ ಹರಡಿತು. ಬೂದಿ ಬೇಗ ಕೆಳಗಿಳಿಯುತ್ತದೆ. ಈ ಹನಿಗಳು ಹಾಗಲ್ಲ, ವರ್ಷಗಟ್ಟಲೆ ಮೇಲೆಯೇ ನಿಂತು ಬಿಸಿಲಿನ ಒಂದು ಪಾಲನ್ನು ತಡೆಯುತ್ತವೆ. ಪರಿಣಾಮವಾಗಿ 1816ರಲ್ಲಿ ಯೂರೋಪು ಮತ್ತು ಉತ್ತರ ಅಮೆರಿಕದ ಹಲವು ಕಡೆ ಬೇಸಿಗೆಯೇ ಬರಲಿಲ್ಲ. ಬೆಳೆ ಕೆಟ್ಟಿತು, ಧಾನ್ಯದ ಬೆಲೆ ಏರಿತು.

ಆ ವರ್ಷದ ಜೂನ್‌ನಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದಲ್ಲಿ ಐದು ಜನ ಮಳೆಯ ಕಾರಣ ಮನೆಯೊಳಗೇ ಉಳಿಯಬೇಕಾಯಿತು. ಪ್ರಸಿದ್ಧ ಕವಿ ಬೈರನ್, ಅವರ ವೈದ್ಯ ಜಾನ್ ಪಾಲಿಡೋರಿ, ಕವಿ ಪರ್ಸಿ ಷೆಲ್ಲಿ, ಮೇರಿ ಮತ್ತು ಮೇರಿಯ ಮಲತಂಗಿ ಕ್ಲೇರ್. ಬೇಸರ ಕಳೆಯಲು ಅವರು ಜರ್ಮನ್ ದೆವ್ವದ ಕಥೆಗಳ ಫ್ರೆಂಚ್ ಅನುವಾದವನ್ನು ಓದಿದರು. ಆಗ ಬೈರನ್ ಒಂದು ಪಂಥ ಹಾಕಿದರು: ನಾವು ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯೋಣ.

ಮೇರಿಗೆ ಕೆಲವು ದಿನ ಯಾವ ಕಥೆಯೂ ಹೊಳೆಯಲಿಲ್ಲ. ಆ ರಾತ್ರಿಗಳಲ್ಲಿ ನಡೆಯುತ್ತಿದ್ದ ಮಾತುಕತೆಯಲ್ಲಿ ಜೀವ ಎಂದರೇನು, ಅದನ್ನು ಹೊರಗಿನಿಂದ ತುಂಬಬಹುದೇ ಎಂಬ ವಿಷಯವೂ ಬಂತು. ಅದು ಆ ಕಾಲದ ವಿಜ್ಞಾನದ ಬಿಸಿ ಚರ್ಚೆ. ಇಟಲಿಯ ಗ್ಯಾಲ್ವಾನಿ ಸತ್ತ ಕಪ್ಪೆಯ ಕಾಲು ಲೋಹ ತಗಲಿದಾಗ ಅದಿರುವುದನ್ನು ಕಂಡು, ಪ್ರಾಣಿಯ ದೇಹದಲ್ಲೇ ವಿದ್ಯುತ್ತು ಇದೆಯೆಂದು 1791ರಲ್ಲಿ ಪ್ರಕಟಿಸಿದ್ದರು. ವೋಲ್ಟಾ ಅದನ್ನು ಒಪ್ಪದೆ, ವಿದ್ಯುತ್ತು ಹುಟ್ಟುವುದು ಎರಡು ಲೋಹಗಳ ಸಂಪರ್ಕದಿಂದ ಎಂದು ವಾದಿಸಿದರು. 1800ರಲ್ಲಿ ಮೊದಲ ಬ್ಯಾಟರಿಯನ್ನೇ ರಚಿಸಿ ತೋರಿಸಿದರು. ಗ್ಯಾಲ್ವಾನಿಯ ಸೋದರಳಿಯ ಆಲ್ಡೀನಿ 1803ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿಸಿದ ಒಬ್ಬ ಕೈದಿಯ ಶವಕ್ಕೆ ಬ್ಯಾಟರಿಯ ತಂತಿ ಮುಟ್ಟಿಸಿದಾಗ ದವಡೆ ನಡುಗಿತು, ಒಂದು ಕಣ್ಣು ತೆರೆಯಿತು. ಸ್ನಾಯು ಕುಗ್ಗುವುದಕ್ಕೂ ಜೀವ ಬರುವುದಕ್ಕೂ ಇರುವ ಅಂತರ ಇಂದು ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ಅಂದು ಅದು ಇನ್ನೂ ಇತ್ಯರ್ಥವಾಗದ ಪ್ರಶ್ನೆ.

ಮೇರಿಗೆ ಇದು ಬರಿಯ ಕುತೂಹಲದ ವಿಷಯವಾಗಿರಲಿಲ್ಲ. ಆಕೆ 1797ರ ಆಗಸ್ಟ್ 30ರಂದು ಹುಟ್ಟಿದರು. ಸ್ತ್ರೀಯರ ಹಕ್ಕುಗಳ ಬಗ್ಗೆ ಪುಸ್ತಕ ಬರೆದು ಹೆಸರಾಗಿದ್ದ ತಾಯಿ ಮೇರಿ ವೋಲ್‌ಸ್ಟನ್‌ಕ್ರಾಫ್ಟ್ ಬಾಣಂತನದಲ್ಲೇ ತೀರಿಕೊಂಡರು. 1815ರಲ್ಲಿ ಮೇರಿಯ ಮೊದಲ ಶಿಶು ದಿನ ತುಂಬುವ ಮೊದಲೇ ಹುಟ್ಟಿ, ಕೆಲವೇ ದಿನಗಳಲ್ಲಿ ಅಸುನೀಗಿತು. ಆ ಮಗು ಮತ್ತೆ ಬದುಕಿ ಬಂದಂತೆ ಕನಸು ಕಂಡದ್ದನ್ನು ಆಕೆ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಸತ್ತದ್ದಕ್ಕೆ ಜೀವ ಬರಬಹುದೇ ಎಂದು ಹಿರಿಯರು ಬೆಂಕಿಯ ಸುತ್ತ ಕುಳಿತು ತರ್ಕಿಸುತ್ತಿದ್ದಾಗ, ಕೇಳುತ್ತಿದ್ದ ಈ ಹುಡುಗಿಗೆ ಆ ಪ್ರಶ್ನೆಯ ಭಾರ ಬೇರೆಯೇ ಇತ್ತು.

ಪುಸ್ತಕದಲ್ಲಿ ಇರುವುದೇನು?

ಜಿನೀವಾದ ತರುಣ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಜರ್ಮನಿಯ ಇಂಗೋಲ್‌ಸ್ಟಾಟ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಕಲಿಯುವ ವಿದ್ಯಾರ್ಥಿ. ಆತ ಡಾಕ್ಟರನಲ್ಲ, ಮುದುಕನೂ ಅಲ್ಲ. ಒಬ್ಬನೇ ಗುಟ್ಟಾಗಿ ದುಡಿದು, ಶವಗಳ ಭಾಗಗಳಿಂದ ಒಂದು ದೇಹ ಕಟ್ಟಿ ಅದಕ್ಕೆ ಜೀವ ತರುತ್ತಾನೆ. ಅದು ಕಣ್ಣು ತೆರೆದೊಡನೆ ಅದರ ರೂಪಕ್ಕೆ ಹೇಸಿ ಓಡಿಹೋಗುತ್ತಾನೆ.

ಹಾಗೆ ಬಿಟ್ಟುಹೋದ ಜೀವಿ ಒಂದು ಗುಡಿಸಲಿನ ಮರೆಯಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ಒಂದು ಕುಟುಂಬವನ್ನು ನೋಡುತ್ತಾ ಭಾಷೆ ಕಲಿಯುತ್ತದೆ. ದಾರಿಯಲ್ಲಿ ಸಿಕ್ಕ ಪುಸ್ತಕಗಳನ್ನು ಓದುತ್ತದೆ; ಅವುಗಳಲ್ಲಿ ಮಿಲ್ಟನ್ನನ ಮಹಾಕಾವ್ಯವೂ ಒಂದು. ಆ ಮನೆಯ ಕುರುಡ ಮುದುಕ ಮಾತ್ರ ಅದನ್ನು ಆದರದಿಂದ ಮಾತನಾಡಿಸುತ್ತಾನೆ; ಕಣ್ಣಿದ್ದವರು ಬಂದು ಹೊಡೆದಟ್ಟುತ್ತಾರೆ. ನೀರಿಗೆ ಬಿದ್ದ ಹುಡುಗಿಯನ್ನು ಎತ್ತಿ ಉಳಿಸಿದ್ದಕ್ಕೆ ಗುಂಡೇಟು ಸಿಗುತ್ತದೆ. ಆಮೇಲೆ ಅದು ಕೊಲೆಗಾರನಾಗುತ್ತದೆ; ತನ್ನನ್ನು ಮಾಡಿದವನ ಪ್ರೀತಿಪಾತ್ರರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತದೆ.

ಈ ಕಥೆಯನ್ನು ಕನ್ನಡದಲ್ಲಿ ಹೇಳಹೊರಟರೆ ಒಂದು ತೊಡಕು ಎದುರಾಗುತ್ತದೆ. ಆ ಜೀವಿಯನ್ನು ‘ಅದು’ ಎನ್ನಬೇಕೇ, ‘ಅವನು’ ಎನ್ನಬೇಕೇ? ಮೇಲಿನ ಸಾಲುಗಳಲ್ಲಿ ‘ಅದು’ ಎಂದೇ ಬರೆದಿದೆ. ಓದುವಾಗ ನಿಮಗೆ ಎಲ್ಲಾದರೂ ಇರುಸುಮುರುಸಾಯಿತೇ? ಆಗಿದ್ದರೆ ಕಾದಂಬರಿಯ ತಿರುಳು ನಿಮಗೆ ತಟ್ಟಿದೆ ಎಂದೇ ಅರ್ಥ. ಇಲ್ಲಿಂದ ಮುಂದೆ ‘ಅವನು’ ಎಂದೇ ಕರೆಯೋಣ.

ನಮ್ಮಲ್ಲಿ ಹಲವರು ಈ ಕಥೆಯನ್ನು ಭಸ್ಮಾಸುರನಿಗೆ ಹೋಲಿಸುತ್ತಾರೆ. ಹೋಲಿಕೆ ಅರ್ಧ ಮಾತ್ರ ಸರಿ. ಭಸ್ಮಾಸುರ ವರ ಸಿಕ್ಕೊಡನೆ ಕೊಟ್ಟವನ ತಲೆಯ ಮೇಲೆಯೇ ಕೈಯಿಡಲು ಹೊರಟವನು. ಇವನು ಮೊದಲ ಸಲ ಕೈ ಚಾಚಿದ್ದು ತನ್ನನ್ನು ಮಾಡಿದವನ ಹಾಸಿಗೆಯ ಬಳಿ ನಿಂತು; ಆಗ ಅವನ ಮನಸ್ಸಿನಲ್ಲಿ ಯಾವ ಹಗೆಯೂ ಇರಲಿಲ್ಲ. ಕಾದಂಬರಿ ಆರೋಪ ಹೊರಿಸುವುದು ಜೀವ ಕೊಟ್ಟದ್ದಕ್ಕಿಂತ ಹೆಚ್ಚಾಗಿ, ಕೊಟ್ಟ ಮೇಲೆ ಕೈಬಿಟ್ಟದ್ದರ ಮೇಲೆ.

ಐನೂರು ಪ್ರತಿ, ನೂರು ಊಹೆ

1817ರ ವಸಂತದ ಹೊತ್ತಿಗೆ ಹಸ್ತಪ್ರತಿ ಸಿದ್ಧವಾಯಿತು. ಪರ್ಸಿ ಮತ್ತು ಮೇರಿ ಅದಾಗಲೇ 1816ರ ಡಿಸೆಂಬರ್‌ನಲ್ಲಿ ಮದುವೆಯಾಗಿದ್ದರು. ಬೈರನ್ನರ ಪ್ರಕಾಶಕ ಜಾನ್ ಮರ್ರೆ ಅದನ್ನು ಹಿಂದಿರುಗಿಸಿದರು. ಪರ್ಸಿಯ ಪ್ರಕಾಶಕರೂ ಒಲ್ಲೆನೆಂದರು. ಕೊನೆಗೆ ಲ್ಯಾಕಿಂಗ್‌ಟನ್ ಎಂಬ ಲಂಡನ್ನಿನ ಸಂಸ್ಥೆ ಒಪ್ಪಿತು. 1818ರ ಜನವರಿ 1ರಂದು ಮೂರು ಸಂಪುಟಗಳಲ್ಲಿ ಪುಸ್ತಕ ಹೊರಬಂತು. ಅಚ್ಚಾದದ್ದು 500 ಪ್ರತಿ. ಅದೇ ದಿನಗಳಲ್ಲಿ ಬಂದ ವಾಲ್ಟರ್ ಸ್ಕಾಟ್‌ರ ‘ರಾಬ್ ರಾಯ್’ ಕಾದಂಬರಿಯ ಮೊದಲ ಮುದ್ರಣ 10,000 ಪ್ರತಿ ಎಂದರೆ ಇದು ಎಷ್ಟು ಸಣ್ಣ ಪ್ರಮಾಣವೆಂದು ತಿಳಿಯುತ್ತದೆ.

ಹೆಸರು ಹಾಕದೆ ಪುಸ್ತಕ ತರುವುದು ಆಗ ವಿಚಿತ್ರವೇನಲ್ಲ. ಜೇನ್ ಆಸ್ಟೆನ್‌ರ ಮೊದಲ ಕಾದಂಬರಿ 1811ರಲ್ಲಿ ‘ಒಬ್ಬ ಮಹಿಳೆ’ ಎಂಬ ಗುರುತಿನೊಂದಿಗೆ ಬಂದಿತ್ತು. ಸ್ಕಾಟ್ ಕೂಡ 1814ರ ತಮ್ಮ ಮೊದಲ ಕಾದಂಬರಿಯಿಂದ ಹೆಸರು ಮರೆಸಿಕೊಂಡೇ ಬರೆಯುತ್ತಿದ್ದರು. ಅದನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 1827ರಲ್ಲಿ. ಆದರೆ ಹೆಸರಿಲ್ಲದ ಕಡೆ ಓದುಗರು ಸುಮ್ಮನಿರುವುದಿಲ್ಲ, ಒಂದು ಹೆಸರನ್ನು ತಾವೇ ತುಂಬುತ್ತಾರೆ. ‘ಫ್ರಾಂಕೆನ್‌ಸ್ಟೈನ್’ ಪುಸ್ತಕ ವಿಲಿಯಂ ಗಾಡ್ವಿನ್ ಎಂಬ ತತ್ತ್ವಚಿಂತಕರಿಗೆ ಅರ್ಪಿತವಾಗಿತ್ತು. ಗಾಡ್ವಿನ್ ಮೇರಿಯ ತಂದೆ ಎಂಬುದು ಪುಸ್ತಕದಿಂದ ತಿಳಿಯುವಂತಿರಲಿಲ್ಲ. ಮುನ್ನುಡಿಯನ್ನು ಲೇಖಕರದೇ ಮಾತೆಂಬಂತೆ ಬರೆದುಕೊಟ್ಟವರು ಪರ್ಸಿ. ಹೀಗಾಗಿ, ಇದು ಗಾಡ್ವಿನ್‌ರ ಯಾರೋ ಒಬ್ಬ ಶಿಷ್ಯನ ಕೆಲಸ ಎಂದು ವಿಮರ್ಶಕರು ತೀರ್ಮಾನಿಸಿಬಿಟ್ಟರು.

ಅವರ ಪ್ರತಿಕ್ರಿಯೆ ಎರಡು ತುದಿಗಳದ್ದು. ‘ಕ್ವಾರ್ಟರ್ಲಿ ರಿವ್ಯೂ’ ಪತ್ರಿಕೆಯಲ್ಲಿ ಜಾನ್ ವಿಲ್ಸನ್ ಕ್ರೋಕರ್, ಅರ್ಥವಿಲ್ಲದ ಹೇಸಿಗೆಯ ಕಥೆಯೆಂದು ತಳ್ಳಿಹಾಕಿದರು. ‘ಬ್ಲ್ಯಾಕ್‌ವುಡ್ಸ್’ ಪತ್ರಿಕೆಯಲ್ಲಿ ವಾಲ್ಟರ್ ಸ್ಕಾಟ್ ಲೇಖಕರ ಕಲ್ಪನಾಶಕ್ತಿಯನ್ನೂ ಭಾಷೆಯನ್ನೂ ಮನಸಾರೆ ಮೆಚ್ಚಿದರು. ಆದರೆ ಬರೆದವರು ಪರ್ಸಿ ಷೆಲ್ಲಿ ಎಂದು ಎಣಿಸಿದರು. ಸ್ವತಃ ಹೆಸರು ಮರೆಸಿಕೊಂಡಿದ್ದ ಕಾದಂಬರಿಕಾರರೇ ಇನ್ನೊಬ್ಬರ ಹೆಸರನ್ನು ತಪ್ಪಾಗಿ ಊಹಿಸಿದ್ದು ಸ್ವಾರಸ್ಯಕರ. 1818ರ ಜೂನ್‌ನಲ್ಲಿ ಮೇರಿ ಇಟಲಿಯಿಂದ ಸ್ಕಾಟ್‌ರಿಗೆ ವಿನಯದಿಂದ ಪತ್ರ ಬರೆದು, ಕಾದಂಬರಿ ತಮ್ಮದೆಂದು ತಿಳಿಸಿದರು.

ಲೇಖಕರು ಹೆಣ್ಣು ಎಂಬ ಸುದ್ದಿ ಮುಟ್ಟಿದ ಕಡೆ ಆದದ್ದೇನು? ‘ಬ್ರಿಟಿಷ್ ಕ್ರಿಟಿಕ್’ ಪತ್ರಿಕೆಯ ಅನಾಮಿಕ ವಿಮರ್ಶಕರು, ಅದರಿಂದ ಪುಸ್ತಕದ ತಪ್ಪು ಇನ್ನಷ್ಟು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂಬ ಅರ್ಥದಲ್ಲಿ ಬರೆದರು. ಪುಸ್ತಕದ ಒಂದು ಅಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಬರೆದವರ ಬಗೆಗಿನ ತಿಳಿವಳಿಕೆ ಮಾತ್ರ.

ಸಾಮಾನ್ಯ ಓದುಗರಾದರೋ ವಿಮರ್ಶಕರ ತೀರ್ಪಿಗೆ ಕಾಯಲಿಲ್ಲ. ಷೆಲ್ಲಿ ದಂಪತಿಗಳ ಸ್ನೇಹಿತ ಥಾಮಸ್ ಲವ್ ಪೀಕಾಕ್ 1818ರಲ್ಲಿ ಕುದುರೆ ಪಂದ್ಯ ನೋಡಲು ಹೋದಾಗ, ಓದುವ ಹವ್ಯಾಸವಿದ್ದ ಪರಿಚಿತರೆಲ್ಲ ಅವರನ್ನು ಸುತ್ತುವರಿದು ಈ ಪುಸ್ತಕದ ಬಗ್ಗೆ, ಬರೆದವರ ಬಗ್ಗೆ ಪ್ರಶ್ನೆಗಳ ಮಳೆ ಸುರಿಸಿದರಂತೆ. ಎಲ್ಲರೂ ಓದಿದಂತಿದೆ ಎಂದು ಅವರು ಇಟಲಿಗೆ ಪತ್ರ ಬರೆದರು. ಪುಸ್ತಕ ದುಬಾರಿಯಾಗಿದ್ದ ಆ ಕಾಲದಲ್ಲಿ ಬಾಡಿಗೆ ಗ್ರಂಥಾಲಯಗಳಿದ್ದವು; ಒಂದೊಂದು ಪ್ರತಿಯೂ ಹಲವು ಕೈ ದಾಟುತ್ತಿತ್ತು. ಮೊದಲ ಯಶಸ್ಸು ಎಂದರೆ ಇದೇ. ಆದರೆ ಎರಡನೆಯ ಮುದ್ರಣ ಮಾತ್ರ ಐದು ವರ್ಷ ಹೊರಬರಲಿಲ್ಲ.

ರಂಗದ ಮೇಲೆ ಬಂದ ಕೀರ್ತಿ

1822ರಲ್ಲಿ ಪರ್ಸಿ ಷೆಲ್ಲಿ ಇಟಲಿಯ ಸಮುದ್ರದಲ್ಲಿ ದೋಣಿ ಮುಳುಗಿ ತೀರಿಕೊಂಡರು. ಉಳಿದ ಒಬ್ಬನೇ ಮಗನೊಂದಿಗೆ ಮೇರಿ 1823ರ ಆಗಸ್ಟ್‌ನಲ್ಲಿ ಲಂಡನ್ನಿಗೆ ಮರಳಿದಾಗ ಒಂದು ಆಶ್ಚರ್ಯ ಕಾದಿತ್ತು. ಜುಲೈ 28ರಿಂದ ರಿಚರ್ಡ್ ಬ್ರಿನ್ಸ್ಲಿ ಪೀಕ್ ಎಂಬವರು ಬರೆದ ನಾಟಕರೂಪ ಇಂಗ್ಲಿಷ್ ಒಪೆರಾ ಹೌಸ್‌ನಲ್ಲಿ ಪ್ರದರ್ಶನವಾಗುತ್ತಿತ್ತು. ಧರ್ಮವಿರೋಧಿ ನಾಟಕವೆಂದು ಕೆಲವರು ಪ್ರತಿಭಟಿಸಿದ್ದರಿಂದ ಜನ ಇನ್ನಷ್ಟು ಬಂದರು. ಕಾದಂಬರಿಯನ್ನು ನಾಟಕ ಮಾಡಲು ಲೇಖಕರ ಅನುಮತಿ ಪಡೆಯಬೇಕೆಂಬ ಕಾನೂನು ಆಗ ಇರಲಿಲ್ಲ, ಸಂಭಾವನೆಯೂ ಇಲ್ಲ. ಆಗಸ್ಟ್ 29ರಂದು ಮೇರಿ ತಂದೆಯೊಂದಿಗೆ ಹೋಗಿ ನಾಟಕ ನೋಡಿದರು. ತಾನು ಪ್ರಸಿದ್ಧಳಾಗಿರುವುದು ಅಲ್ಲಿಯೇ ಗೊತ್ತಾಯಿತೆಂದು ಸ್ನೇಹಿತರಿಗೆ ಬರೆದರು. ನಾಟಕದ ಪಾತ್ರಪಟ್ಟಿಯಲ್ಲಿ ಆ ಜೀವಿಯ ಹೆಸರಿನ ಜಾಗದಲ್ಲಿ ಬರಿಯ ಗೆರೆ ಎಳೆದಿದ್ದುದು ಆಕೆಗೆ ಬಹಳ ಹಿಡಿಸಿತು. ನಾಟಕದ ಗದ್ದಲವನ್ನು ಕಂಡು ಗಾಡ್ವಿನ್ ಅದೇ ಆಗಸ್ಟ್‌ನಲ್ಲಿ ಎರಡನೆಯ ಆವೃತ್ತಿ ತರಿಸಿದ್ದರು. ಇಂಗ್ಲೆಂಡಿನಲ್ಲಿ ಪುಸ್ತಕದ ಮೇಲೆ ಮೇರಿಯ ಹೆಸರು ಅಚ್ಚಾದದ್ದು ಅದರಲ್ಲಿ.

ಆದರೆ ರಂಗದ ಮೇಲೆ ಆ ಜೀವಿಯ ಮಾತು ಹೋಯಿತು. ಅವನು ಮೂಕನಾದ. ಕಾದಂಬರಿಯಲ್ಲಿ ಇಲ್ಲದ ಫ್ರಿಟ್ಜ್ ಎಂಬ ಸಹಾಯಕ ಬಂದ. ಪುಸ್ತಕವನ್ನು ದೃಶ್ಯಕ್ಕೆ ತರುವ ಕೆಲಸದಲ್ಲಿ ಇರುವ ನಮ್ಮಂಥವರಿಗೆ ಇದರ ಕಾರಣ ಸುಲಭವಾಗಿ ತಿಳಿಯುತ್ತದೆ. ಮುಖ ನೋಡಿದರೆ ಹೆದರಿಕೆ ಒಂದು ಕ್ಷಣದಲ್ಲಿ ಹುಟ್ಟುತ್ತದೆ. ಕರುಣೆ ಹುಟ್ಟಲು ಆತನ ಮಾತನ್ನು ಬಹಳ ಹೊತ್ತು ಕೇಳಬೇಕು. ಸಮಯ ಕಡಿಮೆಯಿದ್ದಾಗ ಕತ್ತರಿ ಬೀಳುವುದು ಮಾತಿಗೆ. ಪುಸ್ತಕದಲ್ಲಿ ನಾವು ಅವನನ್ನು ನೋಡುವುದಿಲ್ಲ, ಕೇಳುತ್ತೇವೆ. ಆ ಕುರುಡ ಮುದುಕನ ಸ್ಥಾನದಲ್ಲಿ ಓದುಗರು ಇರುತ್ತಾರೆ. ರಂಗದಲ್ಲೂ ಪರದೆಯಲ್ಲೂ ನಾವು ಕಣ್ಣಿದ್ದವರ ಸ್ಥಾನಕ್ಕೆ ಬರುತ್ತೇವೆ.

ಈ ಬದಲಾವಣೆಯ ಅಪಾಯ ಎಷ್ಟೆಂಬುದಕ್ಕೆ ಒಂದೇ ನಿದರ್ಶನ ಸಾಕು. 1824ರ ಮಾರ್ಚ್‌ನಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ವೆಸ್ಟ್ ಇಂಡೀಸ್‌ನ ಗುಲಾಮರ ಬಿಡುಗಡೆಯ ಚರ್ಚೆ ನಡೆದಿತ್ತು. ಮಂತ್ರಿ ಜಾರ್ಜ್ ಕ್ಯಾನಿಂಗ್ ಈ ಕಾದಂಬರಿಯನ್ನು ಪ್ರಸ್ತಾಪಿಸಿದರು. ಗುಲಾಮರನ್ನು ಒಮ್ಮೆಲೇ ಬಿಡುಗಡೆ ಮಾಡುವುದು, ದೊಡ್ಡವರ ದೇಹಬಲವೂ ಮಗುವಿನ ಬುದ್ಧಿಯೂ ಇರುವ ಜೀವಿಯನ್ನು ಸೃಷ್ಟಿಸಿದಂತೆ ಎಂಬುದು ಅವರ ವಾದ. ಕಾದಂಬರಿಯಲ್ಲಿ ಆ ಜೀವಿ ಮಿಲ್ಟನ್ನನನ್ನು ಓದಿದವನು, ತನಗಾದ ಅನ್ಯಾಯವನ್ನು ಒಂದೊಂದಾಗಿ ಎತ್ತಿ ವಾದಿಸಬಲ್ಲವನು. ಅವನನ್ನು ಬುದ್ಧಿಯಿಲ್ಲದವನನ್ನಾಗಿ ಮಾಡಿದ ಮೇಲೆ, ಜೀವಂತ ಮನುಷ್ಯರ ಸ್ವಾತಂತ್ರ್ಯವನ್ನು ಮುಂದೂಡಲು ಅವನ ಹೆಸರನ್ನು ಬಳಸುವುದು ಸುಲಭವಾಯಿತು. ಕೈಬಿಟ್ಟವರನ್ನು ಪ್ರಶ್ನಿಸುವ ಪುಸ್ತಕ ಹೀಗೆ ಕೈಬಿಟ್ಟವರ ಪರ ಸಾಕ್ಷಿಯಾಯಿತು. ಗುಲಾಮಗಿರಿ ರದ್ದತಿಯ ಕಾನೂನು ಬರಲು 1833ರವರೆಗೆ ಕಾಯಬೇಕಾಯಿತು.

‘ಇದನ್ನು ನಾನೇ ಬರೆದೆ’

1831ರಲ್ಲಿ ಕಾದಂಬರಿ ಆರು ಷಿಲಿಂಗ್ ಬೆಲೆಯ ಒಂದೇ ಸಂಪುಟದ ಮಾಲಿಕೆಯಲ್ಲಿ ಬಂತು. ಅದಕ್ಕಾಗಿ ಮೇರಿ ಪಠ್ಯವನ್ನು ತಿದ್ದಿದರು, ಹೊಸ ಮುನ್ನುಡಿ ಬರೆದರು. ಅಷ್ಟು ಚಿಕ್ಕ ಹುಡುಗಿಗೆ ಇಂಥ ಭೀಕರ ಕಲ್ಪನೆ ಹೇಗೆ ಬಂತೆಂದು ಎಲ್ಲರೂ ಕೇಳುತ್ತಿದ್ದ ಪ್ರಶ್ನೆಗೆ ಅಲ್ಲಿ ಉತ್ತರವಿದೆ. ಜಿನೀವಾದ ಮಳೆಯ ರಾತ್ರಿಗಳ ಕಥೆ ನಮಗೆ ತಿಳಿದಿರುವುದು ಹೆಚ್ಚಾಗಿ ಆ ಮುನ್ನುಡಿಯಿಂದಲೇ. ಯಾವ ಘಟನೆಯೂ ಗಂಡನಿಂದ ಎರವಲು ಬಂದದ್ದಲ್ಲ, ಹಳೆಯ ಮುನ್ನುಡಿಯೊಂದು ಮಾತ್ರ ಅವರದು ಎಂದು ಆಕೆ ಸ್ಪಷ್ಟಪಡಿಸಬೇಕಾಯಿತು. ಹದಿಮೂರು ವರ್ಷದ ಹಿಂದಿನ ಪುಸ್ತಕಕ್ಕೆ ಆಕೆ ಸ್ವತಃ ಸಾಕ್ಷಿ ಹೇಳಬೇಕಾಗಿ ಬಂದದ್ದು ಗಮನಾರ್ಹ.

ಆದರೂ ಅನುಮಾನ ಮುಗಿಯಲಿಲ್ಲ. ಅದಕ್ಕೆ ಗಟ್ಟಿಯಾದ ಉತ್ತರ ದೊರೆತದ್ದು ಹಸ್ತಪ್ರತಿಗಳಿಂದ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿರುವ ಕರಡು ಪುಸ್ತಕಗಳಲ್ಲಿ ಮೇರಿಯ ಕೈಬರಹದ ಮೇಲೆ ಪರ್ಸಿಯ ತಿದ್ದುಪಡಿಗಳು ಬೇರೆಯಾಗಿ ಕಾಣುತ್ತವೆ. ವಿದ್ವಾಂಸ ಚಾರ್ಲ್ಸ್ ರಾಬಿನ್ಸನ್ ಅವನ್ನು ಎಣಿಸಿ, ಸುಮಾರು 72,000 ಪದಗಳ ಕಾದಂಬರಿಯಲ್ಲಿ ಪರ್ಸಿ ಸೇರಿಸಿದ್ದು ನಾಲ್ಕೈದು ಸಾವಿರ ಪದ ಎಂದು ಅಂದಾಜು ಮಾಡಿದರು. ಅಂದರೆ ನೂರಕ್ಕೆ ಆರೇಳು. ಅದು ಒಬ್ಬ ಒಳ್ಳೆಯ ಸಂಪಾದಕರು ಮಾಡುವಂಥ ಕೆಲಸ. ಕಥೆ, ರಚನೆ, ದನಿ ಮೇರಿಯವು.

ಬೈರನ್‌ರ ಪಂಥದಿಂದ ಹುಟ್ಟಿದ ಇನ್ನೊಂದು ಕಥೆಯ ಗತಿಯನ್ನೂ ನೋಡಿ. ಡಾಕ್ಟರ್ ಪಾಲಿಡೋರಿ ಬರೆದ ‘ವ್ಯಾಂಪೈರ್’ 1819ರಲ್ಲಿ ಬೈರನ್‌ರದೆಂದು ಪತ್ರಿಕೆಯಲ್ಲಿ ಅಚ್ಚಾಯಿತು, ಆ ಹೆಸರಿನ ಬಲದಿಂದಲೇ ಓಡಿತು. ಬೈರನ್ ತನ್ನದಲ್ಲವೆಂದರೂ ಕೇಳುವವರಿರಲಿಲ್ಲ. ಒಂದೇ ಮನೆಯಲ್ಲಿ ಮೊಳೆತ ಎರಡು ಕಥೆಗಳೂ ಹೊಸಬರದು. ಎರಡನ್ನೂ ಓದುಗರು ಪ್ರಸಿದ್ಧ ಕವಿಗಳ ಲೆಕ್ಕಕ್ಕೆ ಬರೆದರು.

1931ರ ಹಾಲಿವುಡ್ ಚಿತ್ರದಲ್ಲಿ ಬೋರಿಸ್ ಕಾರ್ಲಾಫ್ ಧರಿಸಿದ ಚಪ್ಪಟೆ ತಲೆ ಮತ್ತು ಬೋಲ್ಟಿನ ವೇಷವೇ ನಮ್ಮ ಕಣ್ಣಲ್ಲಿ ನಿಂತಿರುವುದು. ಆ ಚಿತ್ರದ ಆರಂಭದ ಪಟ್ಟಿಯಲ್ಲಿ ಜೀವಿಯ ಪಾತ್ರಧಾರಿಯ ಎದುರು ಪ್ರಶ್ನಾರ್ಥಕ ಚಿಹ್ನೆಯಿದೆ. ಕಾದಂಬರಿಕಾರ್ತಿಯನ್ನು ‘ಮಿಸೆಸ್ ಪರ್ಸಿ ಬಿ. ಷೆಲ್ಲಿ’ ಎಂದು ನಮೂದಿಸಲಾಗಿದೆ. 1818ರ ಊಹೆ 1931ರಲ್ಲೂ ಪೂರ್ತಿ ಅಳಿಸಿರಲಿಲ್ಲ ಎಂದು ತೋರುತ್ತದೆ.

ಓದುಗರ ಪಾಲು

ಮೇರಿ ಷೆಲ್ಲಿ ಮುಂದೆಯೂ ಕಾದಂಬರಿಗಳನ್ನು ಬರೆದರು. ಷೆಲ್ಲಿ ಮನೆತನದ ಹೆಸರು ಸಾರ್ವಜನಿಕವಾಗಿ ಬರಬಾರದೆಂದು ಮಾವ ಪಟ್ಟು ಹಿಡಿದಿದ್ದರಿಂದ, 1826ರ ‘ದಿ ಲಾಸ್ಟ್ ಮ್ಯಾನ್’ ಕಾದಂಬರಿಯ ಮೇಲೆ ‘ಫ್ರಾಂಕೆನ್‌ಸ್ಟೈನ್ ಬರೆದವರಿಂದ’ ಎಂದಷ್ಟೇ ಇತ್ತು. ಲೇಖಕಿಯ ಹೆಸರಿಲ್ಲದೆ ಬಂದ ಪುಸ್ತಕವೇ ಕೊನೆಗೆ ಲೇಖಕಿಗೆ ಹೆಸರಾಯಿತು. 1851ರಲ್ಲಿ ಆಕೆ ತೀರಿಕೊಂಡರು.

ಮೊದಲ ಪುಸ್ತಕದ ಯಶಸ್ಸನ್ನು ಎಷ್ಟು ಜನ ಮಾತನಾಡಿದರು ಎಂಬುದರಿಂದ ಅಳೆದರೆ, ಮೇರಿ ಷೆಲ್ಲಿಗೆ ಅದು ಬೇಗನೆ ಸಿಕ್ಕಿತು. ಆಕೆ ಬರೆದದ್ದನ್ನು ಎಷ್ಟು ಜನ ಕೇಳಿಸಿಕೊಂಡರು ಎಂಬುದರಿಂದ ಅಳೆದರೆ, ಅದಕ್ಕೆ ನೂರಾರು ವರ್ಷ ಹಿಡಿಯಿತು. ಮೊದಲನೆಯದು ಪ್ರಕಾಶಕರು, ರಂಗದವರು, ನಮ್ಮಂಥ ಕಾರ್ಯಕ್ರಮ ನಿರ್ಮಾಪಕರು ಮಾಡಬಹುದಾದ ಕೆಲಸ. ಎರಡನೆಯದನ್ನು ಓದುಗರೇ ಮಾಡಬೇಕು. ಇಂಗ್ಲಿಷ್ ಮೂಲ ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕರೆ, ಅದು 1818ರ ಪಠ್ಯವೋ 1831ರದೋ ಎಂದು ಮೊದಲು ನೋಡಿಕೊಳ್ಳಿ. ಆಮೇಲೆ, ಹಿಮದ ಪರ್ವತದ ಮೇಲೆ ಆ ಜೀವಿ ತನ್ನ ಕಥೆ ಹೇಳತೊಡಗುವ ಅಧ್ಯಾಯಗಳಿಗೆ ನೇರವಾಗಿ ಹೋದರೂ ಅಡ್ಡಿಯಿಲ್ಲ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಬರೆದವರು ಯಾರೆಂದು ತಿಳಿಯದೆ ಒಂದು ಕಥೆಯನ್ನು ಓದಿ, ಲೇಖಕರು ಗಂಡೋ ಹೆಣ್ಣೋ, ಹಿರಿಯರೋ ಕಿರಿಯರೋ ಎಂದು ತರಗತಿಯಲ್ಲಿ ಊಹಿಸಿ. ಊಹೆಗೆ ಆಧಾರ ಯಾವುದು ಎಂಬುದನ್ನೂ ಬರೆಯಿರಿ.

2. ವಿಕ್ಟರ್‌ನ ತಪ್ಪು ಪ್ರಯೋಗ ಮಾಡಿದ್ದೇ, ಅಥವಾ ಪ್ರಯೋಗದ ಫಲಕ್ಕೆ ಹೊಣೆ ಹೊರದೆ ಹೋದದ್ದೇ?

3. ನೀವು ಓದಿದ ಒಂದು ಕನ್ನಡ ಕಾದಂಬರಿ ಚಲನಚಿತ್ರವಾದಾಗ ಯಾರ ಮಾತು ಕಡಿಮೆಯಾಯಿತು?

4. ಈ ಕಥೆಯನ್ನು ಕನ್ನಡಕ್ಕೆ ತರುವುದಾದರೆ ಆ ಜೀವಿಯನ್ನು ನೀವು ‘ಅದು’ ಎನ್ನುವಿರೋ, ‘ಅವನು’ ಎನ್ನುವಿರೋ? ಯಾವ ಪುಟದಿಂದ?